ಖಾಲಿ ಎಂದು ಮೂರು ಸಲ

ಪೊರ್ಬುಗಳು ತೀರಿಕೊಂಡ ಸುದ್ದಿ ನನಗೆ ಬಂದದ್ದು ನಮ್ಮ ಕರಾವಳಿಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ. ಮೇಲೆ ಯಾರದೋ ಫ್ಲ್ಯಾಟ್ ಬಾಡಿಗೆಗೆ ಇದೆ ಎಂಬ ಜಾಹೀರಾತು, ಕೆಳಗೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು, ನಡುವೆ ಅವರ ಪಾಸ್‌ಪೋರ್ಟ್ ಸೈಜಿನ ಫೋಟೋ. ನಾನು ಆಗ ದೋಹಾದ ಪಕ್ಕದ ಲುಸೈಲಿನ ಸಿಗ್ನಲ್ಲಿನಲ್ಲಿ ನಿಂತಿದ್ದೆ. ದುಃಖವಾಯಿತು, ಆದರೆ ಆಘಾತವೇನೂ ಆಗಲಿಲ್ಲ. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಕತಾರ್ ಬಿಟ್ಟು ಊರಿಗೆ ಹೋಗಿಯೇ ಮೂರು ವರ್ಷವಾಗಿತ್ತು. ಹಸಿರು ದೀಪ ಬಿತ್ತು, ಹಿಂದಿನವನು ಹಾರ್ನ್ ಹಾಕಿದ, ನಾನು ಗಾಡಿ ಬಿಟ್ಟೆ.

ಆಘಾತ ಬಂದದ್ದು ತಿಂಗಳು ಕಳೆದ ಮೇಲೆ, ಹಪ್ಪಳದ ಕಟ್ಟಿನ ಜೊತೆ ಬಂದ ಒಂದು ಲಕೋಟೆಯಲ್ಲಿ. ಅದು ಬಂದು ಇವತ್ತಿಗೆ ಎಂಟು ದಿನ. ಈಗಲೂ ಅನ್ನ ಕಲಸಿ ಉಣ್ಣದೆ ತಟ್ಟೆ ಸರಿಸುತ್ತೇನೆ. ಜ್ವರವಾ ಎಂದು ಹೆಂಡತಿ ಹಣೆ ಮುಟ್ಟಿ ನೋಡುತ್ತಾಳೆ. ಜ್ವರ ಇಲ್ಲ. ಏನಾಗಿದೆ ಎಂದು ಹೇಳಬೇಕಾದರೆ ಮೊದಲು ಪೊರ್ಬುಗಳು ಎಂಥವರು ಎಂದು ಹೇಳಬೇಕು.

ಪೊರ್ಬು ಎಂಬುದು ಅವರ ಹೆಸರಲ್ಲ. ನಮ್ಮ ಮಂಗಳೂರು, ಉಡುಪಿ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಹಾಗೆ ಕರೆಯುವುದುಂಟು. ಅವರು ನನ್ನನ್ನು, ಅದೇ ಕಡೆಯ ಮುಸಲ್ಮಾನನನ್ನು, ಬ್ಯಾರಿ ಎನ್ನುತ್ತಿದ್ದರು. ಇಬ್ಬರಿಗೂ ಹೆಸರಿತ್ತು, ಅದು ಪಾಸ್‌ಪೋರ್ಟಿನಲ್ಲೇ ಉಳಿಯಿತು. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅವರದು ಎರಡನೇ ಮಹಡಿ, ನಮ್ಮದು ನಾಲ್ಕು. ಬೆಳಿಗ್ಗೆ ಆರೂವರೆಗೆ ನನ್ನ ಕಾರಿನಲ್ಲಿ ಒಟ್ಟಿಗೆ ಹೊರಟರೆ ವೆಸ್ಟ್ ಬೇಯ ಟ್ರಾಫಿಕ್ ದಾಟಿ ಕೆಲಸದ ಜಾಗ ಮುಟ್ಟುವ ತನಕ ಅವರು ಮಾತಾಡುವವರು, ನಾನು ಹೂಂಗುಟ್ಟುವವನು.

ಒಬ್ಬ ಕತಾರಿ ಯಜಮಾನರ ಮನೆಯಲ್ಲಿ ಇದ್ದ ಬಂದೂಕು ಸಂಗ್ರಹಕ್ಕೆ ಪೊರ್ಬುಗಳು ಕಾವಲುಗಾರ, ವೈದ್ಯ, ಬೆಲೆ ಕಟ್ಟುವವರು, ಎಲ್ಲವೂ ಆಗಿದ್ದರು. ಅಲ್ಲಿ ಇದ್ದದ್ದು ಒಂದೇ ಜಾತಿಯ ಬಂದೂಕು: ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಿಪಾಯಿಗಳು ಹೊತ್ತ ರೈಫಲ್. ಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಅವನ್ನು ರಾಶಿ ಹಾಕಿ, ಗ್ರೀಸು ಬಳಿದು, ಬೇಕಾದವರಿಗೆ ಮಾರಿದವಂತೆ. ಹಾಗೆ ಮಾರಿದವು ಯುರೋಪು, ಅಮೆರಿಕ, ಅರಬ್ ದೇಶಗಳೆಲ್ಲ ಸುತ್ತಿ ಈಗ ಶೋಕಿಯವರ ಗೋಡೆಗೆ ಬಂದಿವೆ. ಹಿರಿಯ ಯಜಮಾನರಿಗೆ ಅದರ ಹುಚ್ಚು. ಪೊರ್ಬುಗಳು ಕತಾರಿನಲ್ಲಿ ಬೇರೆ ಬೇರೆ ಕಡೆ ದುಡಿದು, ಆಮೇಲೆ ಅವರ ಆಫೀಸಿಗೆ ಟೈಪಿಸ್ಟ್ ಆಗಿ ಬಂದು ಇಪ್ಪತ್ತೇಳು ವರ್ಷ ಉಳಿದವರು. ಮಾರುವವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು ಬರೆದು, ಬಂದ ಉತ್ತರ ಓದಿ ಓದಿ, ಕೊನೆಗೆ ಬಂದೂಕನ್ನೇ ಓದಲು ಕಲಿತರು.

ನೋಡಲು ಬಂದೂಕಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಸಣಕಲು ದೇಹ, ಕುತ್ತಿಗೆಯ ತನಕ ಹಾಕಿದ ಬಟನ್, ದಾರದಲ್ಲಿ ನೇತಾಡುವ ಎರಡು ಕನ್ನಡಕ. ಕೆಲಸ ಮಾಡುವಾಗ ಬಿಳಿ ಹತ್ತಿಯ ಕೈಗವಸು ಹಾಕುತ್ತಿದ್ದರು, ಅದನ್ನು ದಿನಾ ಮನೆಯಲ್ಲಿ ತಾವೇ ಒಗೆದು ಬಾಲ್ಕನಿಯಲ್ಲಿ ಹೆಂಡತಿಯ ನೈಟಿಯ ಪಕ್ಕ ಒಣಗಿಸುತ್ತಿದ್ದರು. ನಮ್ಮ ಕಟ್ಟಡದ ಮಕ್ಕಳು ಇವರು ದೊಡ್ಡ ಹೋಟೆಲಿನಲ್ಲಿ ಸಪ್ಲೈಯರ್ ಎಂದೇ ನಂಬಿದ್ದರು. ಪೊರ್ಬುಗಳು ಅದನ್ನು ತಿದ್ದಲು ಹೋಗಲಿಲ್ಲ. "ಇರಲಿ ಮಾರಾಯ, ಕೋವಿ ಅಂತ ಹೇಳಿದರೆ ನಾಳೆಯಿಂದ ಮಕ್ಕಳು ಬಾಗಿಲು ಬಡಿಯಲಿಕ್ಕೆ ಶುರು ಮಾಡ್ತಾರೆ."

ನಾನು ಸೇರಿದ್ದು ಕಾಗದಪತ್ರದ ಗುಮಾಸ್ತನಾಗಿ. ಲೈಸೆನ್ಸಿನ ಫೈಲು, ಪ್ರತಿಯೊಂದು ಬಂದೂಕಿಗೂ ಒಂದು ಕಾರ್ಡು, ಇಲಾಖೆಯವರು ಬಂದರೆ ತೋರಿಸುವುದು, ಇಷ್ಟೇ ಕೆಲಸ. ಮೊದಲ ವಾರವೇ ನಾನು ಮಾಡಿದ ಘನಕಾರ್ಯ ಹೇಳಬೇಕು. ಒಂದು ರೈಫಲಿನ ಹಿಂಬದಿಯ ಕಬ್ಬಿಣದ ತಗಡು ಕಂದು ಹಿಡಿದು ಕೊಳಕಾಗಿ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಉಮ್ಮ ತಾಮ್ರದ ಹಂಡೆ ಬೆಳಗುವುದನ್ನು ನೋಡಿ ಬೆಳೆದವನು ನಾನು. ಪ್ಯಾಂಟ್ರಿಯಿಂದ ಹುಣಸೆಹುಳಿ ತಂದೆ, ಉಪ್ಪು ಹಾಕಿದೆ, ಚೆನ್ನಾಗಿ ಉಜ್ಜಿದೆ. ತಗಡು ಫಳಫಳ ಹೊಳೆಯಿತು. ಭೇಷ್ ಎನ್ನಿಸಿಕೊಳ್ಳಲು ಪೊರ್ಬುಗಳ ಎದುರು ಹಿಡಿದೆ. ಅವರು ಕುರ್ಚಿ ಎಳೆದು ಕುಳಿತರು. ನೀರು ಕೇಳಿದರು. ಕುಡಿದು ಲೋಟ ಇಟ್ಟು ಕೇಳಿದರು:

"ಬ್ಯಾರಿ, ಊರಲ್ಲಿ ನಿನ್ನ ಅಜ್ಜಿ ಇದ್ದಾರಾ?"

"ಇದ್ದಾರೆ."

"ಅವರ ಮುಖದ ಸುಕ್ಕಿಗೆ ಇಸ್ತ್ರಿ ಹಾಕ್ತೀಯಾ?"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಎಂಬತ್ತು ವರ್ಷ ಯಾರೂ ಉಜ್ಜದ, ಬಣ್ಣ ಬಳಿಯದ, ಬದಲಾಯಿಸದ ಬಂದೂಕಿಗೆ ಮಾತ್ರ ಬೆಲೆ. ಆ ಕಂದು ಬಣ್ಣವೇ ಅದರ ಜಾತಕ. ನಾನು ಅರ್ಧ ಗಂಟೆಯಲ್ಲಿ ಜಾತಕ ತೊಳೆದು ಸಿಂಕಿಗೆ ಬಿಟ್ಟಿದ್ದೆ. ಅವರು ಯಜಮಾನರಿಗೆ ಏನು ಹೇಳಿದರೋ ಗೊತ್ತಿಲ್ಲ, ನನ್ನನ್ನು ಯಾರೂ ಕರೆಸಲಿಲ್ಲ. ಆ ರೈಫಲಿಗೆ ಮಾತ್ರ ಅವರು "ಹುಣಸೆಹುಳಿ" ಎಂದು ಹೆಸರಿಟ್ಟರು, ಕೊನೆಯ ತನಕ ಹಾಗೆಯೇ ಕರೆದರು.

ಆ ಮೇಲೆ ನನಗೆ ಪಾಠ ಶುರುವಾಯಿತು. ರೈಫಲಿನ ನಳಿಗೆ, ಗುಂಡಿನ ಗೂಡನ್ನು ಮುಚ್ಚಿ ತೆರೆಯುವ ಬೋಲ್ಟು, ಸ್ಕ್ರೂ, ಮರ, ಹೀಗೆ ಒಂದೊಂದು ಭಾಗದ ಮೇಲೂ ಸಣ್ಣ ಅಂಕಿ ಕೊರೆದಿರುತ್ತದೆ. ಎಲ್ಲ ಅಂಕಿಯೂ ಒಂದೇ ಆದರೆ ಅದು ಕಾರ್ಖಾನೆಯಿಂದ ಹೊರಟಂತೆಯೇ ಉಳಿದ ಬಂದೂಕು. ಅಂಥದ್ದಕ್ಕೆ ಪೊರ್ಬುಗಳು "ಒಂದೇ ಮನೆಯವರು" ಎನ್ನುತ್ತಿದ್ದರು. ಸೋತ ಸಿಪಾಯಿಗಳು ಶರಣಾಗುವಾಗ ಬೋಲ್ಟು ಬಿಚ್ಚಿ ಒಂದು ಕಡೆ, ಬಂದೂಕು ಇನ್ನೊಂದು ಕಡೆ ರಾಶಿ ಹಾಕುತ್ತಿದ್ದರಂತೆ. ಆಮೇಲೆ ಯಾರದೋ ಬೋಲ್ಟನ್ನು ಯಾರಿಗೋ ಸೇರಿಸಿದವು "ಹಾಸ್ಟೆಲ್". ಬೆಲೆ ಏರಿಸಲು ಹಳೆ ಅಂಕಿ ಉಜ್ಜಿ ಹೊಸ ಅಂಕಿ ಹೊಡೆದವೂ ಬರುತ್ತಿದ್ದವು. "ಇದು ಮದುವೆಗೆ ಬಾಡಿಗೆಗೆ ತಂದ ನೆಂಟರು ಮಾರಾಯ, ಊಟ ಆದ ಕೂಡಲೇ ಹೋಗ್ತಾರೆ" ಎಂದು ಹಿಂದಕ್ಕೆ ತಳ್ಳುತ್ತಿದ್ದರು.

ಒಮ್ಮೆ ಒಂದು ರೈಫಲಿನ ಮುಂದಿನ ಕಬ್ಬಿಣದ ಪಟ್ಟಿ ಸರಿಸಿ ತೋರಿಸಿದರು. ಪಟ್ಟಿಯ ಅಡಿಯಲ್ಲಿ ಮರವನ್ನು ಗರಗಸದಲ್ಲಿ ಕೊಯ್ದು ಮತ್ತೆ ಜೋಡಿಸಿದ ಗೆರೆ. ನಾನು "ಹಾಳು ಮಾಡಿದ್ದಾರೆ" ಎಂದೆ. "ಯಾರು, ಯಾಕೆ ಅಂತ ಕೇಳು" ಎಂದರು. ಗೆದ್ದ ಕಡೆಯ ಒಬ್ಬ ಅಮೆರಿಕದ ಸಿಪಾಯಿ ಅದನ್ನು ಊರಿಗೆ ಒಯ್ಯಬೇಕು, ಅವನ ಬಟ್ಟೆಯ ಚೀಲಕ್ಕೆ ಹಿಡಿಯುವುದಿಲ್ಲ, ಕೊಯ್ದ. ನಾವು ಊರಿಗೆ ಹೋಗುವಾಗ ಟಿವಿಯ ಸ್ಟ್ಯಾಂಡ್ ಮುರಿದು ಪೆಟ್ಟಿಗೆಗೆ ತುರುಕುವುದಿಲ್ಲವೇ, ಹಾಗೆ. ಆ ಗೆರೆಯ ಮೇಲೆ ಬೆರಳಿಟ್ಟು ಅವರು ಖುಷಿಯಿಂದ ನಗುತ್ತಿದ್ದರು.

ಮಾರಲು ಬಂದವರು ಮರದ ಮೇಲೆ ಚಾಕುವಿನಿಂದ ಗೀರಿದ ಗೀಟು ತೋರಿಸಿ ಇದು ಇಷ್ಟು ಜನರನ್ನು ಕೊಂದ ಬಂದೂಕು ಎಂದರೆ ಮಾತ್ರ ಅವರ ಮುಖ ಗಂಟಿಕ್ಕುತ್ತಿತ್ತು. ಟಾರ್ಚು ಹಿಡಿದು, "ಬಂದೂಕು ಹಳತು, ಗೀಟು ಹೋದ ವರ್ಷದ್ದು" ಎಂದು ಹೇಳಿ ಎದ್ದು ಹೋಗುತ್ತಿದ್ದರು. ನಿಜವಾಗಿ ಎಷ್ಟು ಜನ ಸತ್ತಿರಬಹುದು ಎಂದು ನಾನೊಮ್ಮೆ ಕೇಳಿದೆ. "ಅದನ್ನು ಅವರು ಯಾವ ಭಾಗದ ಮೇಲೂ ಕೊರೆದಿಲ್ಲ ಬ್ಯಾರಿ" ಎಂದರು. ನಾಜಿ ಸರ್ಕಾರದ ಹದ್ದಿನ ಮುದ್ರೆ ಇರುವ ಜಾಗವನ್ನು ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಯಾರಿಗೂ ತೋರಿಸಿ ಮೆರೆಯುತ್ತಿರಲಿಲ್ಲ.

ಇನ್ನು ಅವರ ಖಾಲಿ. ಯಾವ ರೈಫಲನ್ನು ಕೈಗೆತ್ತಿಕೊಂಡರೂ ಮೊದಲು ಅದರ ಬಾಯನ್ನು ಮೂಲೆಯಲ್ಲಿದ್ದ ಮರಳು ತುಂಬಿದ ಬಕೆಟಿಗೆ ತಿರುಗಿಸುವುದು. ಬೋಲ್ಟು ಎಳೆದು ಗುಂಡು ಕೂರುವ ಗೂಡನ್ನು ಟಾರ್ಚಿನಲ್ಲಿ ನೋಡಿ "ಖಾಲಿ" ಎನ್ನುವುದು. ಕಿರುಬೆರಳು ಹಾಕಿ ಮುಟ್ಟಿ ಇನ್ನೊಮ್ಮೆ "ಖಾಲಿ". ಬಂದೂಕನ್ನು ಬೆಳಕಿಗೆ ಹಿಡಿದು, ನಳಿಗೆಯ ಆ ತುದಿಯಿಂದ ಈ ತುದಿಗೆ ಬೆಳಕು ಬಂದರೆ ಮೂರನೆಯ "ಖಾಲಿ". ಐದು ನಿಮಿಷದ ಹಿಂದೆ ಅವರೇ ಇಟ್ಟ ಬಂದೂಕಾದರೂ ಅಷ್ಟೇ. ಡ್ರೈವರುಗಳು ಅವರನ್ನು ಅಣಕಿಸಿ ಚಹಾದ ಕಪ್ಪು ಎತ್ತಿ "ಖಾಲಿ, ಖಾಲಿ, ಖಾಲಿ" ಎನ್ನುತ್ತಿದ್ದರು. ನಾನೂ ಎಂದಿದ್ದೇನೆ. ಅವರು ಬೇಸರ ಮಾಡಿಕೊಂಡವರಲ್ಲ. ಆದರೆ ನಾನು ಯಾವುದಾದರೂ ಕಾರ್ಡಿನಲ್ಲಿ ಏನಾದರೂ ಬರೆದರೆ ಒಂದೇ ಪ್ರಶ್ನೆ: "ನೀನು ನೋಡಿದ್ದಾ, ಅಂದಾಜಿಗೆ ಹೇಳಿದ್ದಾ?"

ಒಂದು ಶುಕ್ರವಾರ ಅವರ ಮನೆಯಲ್ಲಿ ಬಂಗುಡೆ ಸಾರಿನ ಊಟ. ಅವತ್ತು ಈ ಮೂರು ಸಲದ ಕಥೆ ಹೊರಬಂತು. ನಮ್ಮ ಕಡೆ ಹಂದಿ ಓಡಿಸಲು ಕೆಲವರ ಮನೆಯಲ್ಲಿ ಲೈಸೆನ್ಸಿನ ಕೋವಿ ಇರುತ್ತದೆ. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ರಿಸಲ್ಟ್ ಆದ ಮೇಲೆ ತರಬೇಕು. ಪೊರ್ಬುಗಳಿಗೆ ಆಗ ಇಪ್ಪತ್ತಮೂರು ವರ್ಷ. ಮನೆಯ ಕೋವಿ ಹೊತ್ತುಕೊಂಡು ಬಸ್ಸಿನಲ್ಲಿ ಹೋದರು. ಠಾಣೆಯಲ್ಲಿ ಜನವೋ ಜನ, ಮೂಲೆಯಲ್ಲಿ ಕೋವಿಗಳ ರಾಶಿ. ಪೊಲೀಸ್ ಕೇಳಿದ, ಖಾಲಿಯಾ? ಇವರು ಹೌದು ಎಂದರು. ಅವನು ಪುಸ್ತಕದಲ್ಲಿ ಖಾಲಿ ಎಂದು ಬರೆದು ಸಹಿ ಹಾಕಿ, ಕೋವಿಯನ್ನು ರಾಶಿಗೆ ಒರಗಿಸಿದ. ಅದು ಜಾರಿ ಹಿಂಬದಿ ನೆಲಕ್ಕೆ ಬಡಿಯಿತು.

"ಆ ಪೊಲೀಸನ ಎರಡು ಬೆರಳು ಹೋಯ್ತು" ಎಂದರು ಪೊರ್ಬುಗಳು, ಮೀನಿನ ಮುಳ್ಳು ಬದಿಗಿಡುತ್ತ. "ನಾನು ನೋಡಿರಲಿಲ್ಲ ಮಾರಾಯ. ಅಪ್ಪ ಖಾಲಿ ಅಂದಿದ್ದರು, ನಾನೂ ಖಾಲಿ ಅಂದೆ."

"ಕೇಸ್ ಆಗಲಿಲ್ಲವಾ?"

"ಆ ಮನುಷ್ಯ ಬರೆದುಕೊಟ್ಟ, ಕೋವಿ ತಂದವನು ತುಂಬಿದೆ ಅಂತ ಹೇಳಿದ್ದ, ನಾನೇ ಅಜಾಗರೂಕತೆಯಲ್ಲಿ ಖಾಲಿ ಅಂತ ಬರೆದದ್ದು ಅಂತ. ನಾನು ವೀಸಾಕ್ಕೆ ಓಡಾಡ್ತಿದ್ದೆ ಆಗ. ಕೇಸ್ ಆಗಿದ್ದರೆ ಈ ಊರಿನ ಮುಖ ನೋಡ್ತಿರಲಿಲ್ಲ. ನನಗೆ ಒಂದು ಬೈಗುಳ ಸಹ ಬೈಯಲಿಲ್ಲ ಅವ. ಬೈದಿದ್ದರೆ ನಾನು ಎಂದೋ ಮರೀತಿದ್ದೆ."

ಅವರ ಹೆಂಡತಿ ಅನ್ನ ಬಡಿಸುತ್ತಾ, "ಊರಿಗೆ ಹೋದಾಗಲೆಲ್ಲ ಆ ಪೊಲೀಸರ ಮನೆಗೆ ಖರ್ಜೂರ ತಗೊಂಡು ಹೋಗ್ತಾರೆ" ಎಂದರು. ಪೊರ್ಬುಗಳು ಸಾರು ಹಾಕಿಸಿಕೊಂಡರು, ಮಾತು ಮುಗಿಯಿತು.

ಹಿರಿಯ ಯಜಮಾನರು ತೀರಿಕೊಂಡ ಮೇಲೆ ಮಗನ ಕಾಲ ಬಂತು. ಕೆಟ್ಟವನಲ್ಲ. ವಿದೇಶದಲ್ಲಿ ಓದಿದವನು, ಎಲ್ಲದಕ್ಕೂ ಅವಸರ. ಲುಸೈಲಿನ ಹೊಸ ಮನೆಯಲ್ಲಿ ದೊಡ್ಡ ಮಜ್ಲಿಸ್, ಅಂದರೆ ಅತಿಥಿಗಳು ಕೂರುವ ಹಜಾರ ಕಟ್ಟಿಸಿ, ಅದರ ಪಕ್ಕಕ್ಕೇ ಬಂದೂಕಿನ ಕೋಣೆ ಮಾಡಿಸಿದ. ಕೋಣೆಯ ಬಾಗಿಲಲ್ಲಿ ಪೊರ್ಬುಗಳ ಹೆಸರಿನ ಒಂದು ಹಿತ್ತಾಳೆಯ ಫಲಕ ಹಾಕಬೇಕೆಂದು ಹಿರಿಯರು ಹೇಳಿ ಹೋಗಿದ್ದರು. ಮಗ ಅದನ್ನು ಮಾಡಿಸಿಯೂ ಇದ್ದ. ಮುಂದಿನ ವರ್ಷ ಪೊರ್ಬುಗಳು ಊರಿಗೆ ಹೊರಡುವಾಗ ಹಾಕುವುದೆಂದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಪೊರ್ಬುಗಳು ಕಂಡೂ ಕಾಣದಂತೆ ಇದ್ದರು. ಆದರೆ ಒಂದು ಸಲ, ಅಕ್ಷರ ತಪ್ಪಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದ್ದರು.

ಆಗ ಬಂತು ಆ ರೈಫಲ್. ಯಜಮಾನನ ತಾಯಿಯ ಕಡೆಯ ಒಂದು ಮನೆಯಲ್ಲಿ, ಹಳೆ ಮರದ ಪೆಟ್ಟಿಗೆಯಲ್ಲಿ, ಆಡಿನ ಕೂದಲಿನ ಕಂಬಳಿಯಲ್ಲಿ ಸುತ್ತಿಟ್ಟದ್ದು. ಉತ್ತರ ಆಫ್ರಿಕಾದ ಮರಳುಗಾಡಿನ ಯುದ್ಧದಿಂದ ಕೈಯಿಂದ ಕೈಗೆ ಬಂದಿರಬೇಕು ಎಂದು ಪೊರ್ಬುಗಳು ಊಹಿಸಿದರು. ಮರಕ್ಕೆ ಯಾರೂ ಪಾಲಿಶ್ ಹಾಕಿಲ್ಲ, ಮುದ್ರೆ ಸವೆದಿಲ್ಲ, ಹೊರಗೆ ಕಾಣುವ ಅಂಕಿಗಳೆಲ್ಲ ಒಂದೇ. ಅವರು ಎರಡು ಕನ್ನಡಕವನ್ನೂ ಒಂದರ ಮೇಲೊಂದು ಏರಿಸಿಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಒಂದೇ ಮನೆಯವರು ಬ್ಯಾರಿ, ಎಲ್ಲರೂ ಮನೆಯಲ್ಲೇ ಇದ್ದಾರೆ" ಎಂದರು. ಇಡೀ ಸಂಗ್ರಹದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಒಂದೇ ತೊಡಕು. ಹಳೆಯ ಎಣ್ಣೆ ಮತ್ತು ಮರಳು ಸೇರಿ ಕಲ್ಲಾಗಿ ಬೋಲ್ಟು ಕಚ್ಚಿಕೊಂಡಿತ್ತು. ಎಳೆದರೆ ಬರುವುದಿಲ್ಲ. ಒಳಗೆ ನೋಡುವಂತಿಲ್ಲ. ಬೋಲ್ಟಿನ ಹಿಂದಿನಿಂದ ಅರ್ಧ ಬೆರಳಿನಷ್ಟು ಹೊರಗೆ ಚಾಚಿದ್ದ ತುಂಡನ್ನು ಪೊರ್ಬುಗಳು ನನಗೆ ತೋರಿಸಿದರು. "ಇದು ಹೊರಗೆ ಇದ್ದರೆ ಕುದುರೆ, ಅಂದರೆ ಟ್ರಿಗರು, ಎಳೆಯಲಿಕ್ಕೆ ತಯಾರಿದೆ ಅಂತ ಅರ್ಥ. ಇದನ್ನು ಕಂಬಳಿಯಲ್ಲಿ ಸುತ್ತಿದವ ಹೆದರಿಕೆಯಲ್ಲಿ ಸುತ್ತಿದ್ದಾನೆ."

ಯಜಮಾನನಿಗೆ ಅದನ್ನು ಬರುವ ಶನಿವಾರವೇ ಮಜ್ಲಿಸ್‌ನಲ್ಲಿ ತೋರಿಸಬೇಕು. ಬಂದವರು ಅದನ್ನು ಕೈಗೆತ್ತಿಕೊಳ್ಳುತ್ತಾರೆ, ಹೆಗಲಿಗಿಟ್ಟು ನೋಡುತ್ತಾರೆ, ಮಕ್ಕಳೂ ಓಡಾಡುತ್ತಿರುತ್ತಾರೆ. ಬಂದೂಕು ಕೋಣೆಯಿಂದ ಹೊರಗೆ ಬರಬೇಕಾದರೆ ಅದರ ಕಾರ್ಡಿನಲ್ಲಿ "ಖಾಲಿ ಎಂದು ಪರೀಕ್ಷಿಸಿದ್ದೇನೆ" ಎಂಬ ಸಾಲಿಗೆ ಸಹಿ ಬೀಳಬೇಕು. ಹಿರಿಯರು ಇಲಾಖೆಗೆ ಬರೆದುಕೊಟ್ಟ ನಿಯಮ ಅದು. ಪೊರ್ಬುಗಳು ಸಹಿ ಹಾಕುವುದಿಲ್ಲ ಎಂದರು. ಮರ ಬಿಚ್ಚಿ ಕಬ್ಬಿಣವನ್ನು ಎರಡು ವಾರ ಎಣ್ಣೆಯಲ್ಲಿ ಇಡಬೇಕು ಎಂದರು.

"ಎಣ್ಣೆ ಮರಕ್ಕೆ ಇಳಿದರೆ?" ಎಂದು ಯಜಮಾನ ಕೇಳಿದ.

"ಕಪ್ಪಾಗಬಹುದು. ಬಿಚ್ಚುವಾಗ ಸೀಳಲೂಬಹುದು."

"ಅದನ್ನು ಮುಟ್ಟದೆ ಇಟ್ಟದ್ದಕ್ಕೇ ಬೆಲೆ ಅಂತ ಹೇಳಿದವರು ನೀವೇ ಅಲ್ಲವಾ?"

"ನಾನೇ."

"ಮತ್ತೆ? ಖಲಾಸ್. ಯಾರೂ ಮುಟ್ಟಬೇಡಿ."

ಅದು ಮಂಗಳವಾರ. ಬುಧವಾರ ಪೊರ್ಬುಗಳಿಗೆ ಸಕ್ಕರೆ ಪರೀಕ್ಷೆಗೆ ಆಸ್ಪತ್ರೆಗೆ ಹೋಗುವ ದಿನ. ಯಜಮಾನ ಕಾರ್ಡು ತಂದು ನನ್ನ ಮೇಜಿನ ಮೇಲಿಟ್ಟ. ನಾನು ಪೊರ್ಬುಗಳು ಬರಲಿ ಎಂದೆ. ಅವನು ನಕ್ಕ. "ಇದು ಸತ್ತ ಕಬ್ಬಿಣ, ನೋಡು" ಎಂದು ರೈಫಲನ್ನು ಹೆಗಲಿಗೆ ಏರಿಸಿ ನನ್ನ ಎದೆಗೆ ಗುರಿ ಹಿಡಿದು ಕುದುರೆ ಎಳೆದ. ಒಳಗೆ ಮರಳು ಕರಕರ ಎಂದಿತು, ಕುದುರೆ ಕೂದಲೆಳೆಯಷ್ಟು ಸರಿದು ನಿಂತಿತು. "ಮಾಫಿ ಮುಶ್ಕಿಲ್" ಎಂದ, ಏನೂ ತೊಂದರೆ ಇಲ್ಲ ಎಂದು. ನಾನೂ ನಕ್ಕೆ. ನಗಬೇಕಾಗಿತ್ತು. ಹೆಂಡತಿ ಮಕ್ಕಳ ಫ್ಯಾಮಿಲಿ ವೀಸಾದ ಅರ್ಜಿ ಅವನ ಸಹಿಗೆ ಕಾಯುತ್ತಿತ್ತು, ಅವರು ಆಗ ವಿಸಿಟ್ ವೀಸಾದಲ್ಲಿದ್ದರು, ಅದು ಮುಗಿಯಲು ಹತ್ತು ದಿನ ಇತ್ತು. ಎಂಬತ್ತು ವರ್ಷದ ಹಿಂದಿನ ಬಂದೂಕಿನಲ್ಲಿ ಏನಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಕಾರ್ಡಿನಲ್ಲಿ ಖಾಲಿ ಎಂದು ಬರೆದು ಸಹಿ ಹಾಕಿದೆ.

ಗುರುವಾರ ಪೊರ್ಬುಗಳು ಕಾರ್ಡು ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಆ ಪ್ರಶ್ನೆಯನ್ನಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ. ಕಾರ್ಡನ್ನು ಮೊದಲಿದ್ದಲ್ಲೇ ಇಟ್ಟರು. 

ಶುಕ್ರವಾರ ಮಧ್ಯಾಹ್ನ. ಮಾರನೆಯ ದಿನದ ತಯಾರಿಗೆಂದು ನಮ್ಮನ್ನೆಲ್ಲ ಕರೆಸಿದ್ದರು. ಜುಮ್ಮಾ ನಮಾಜಿಗೆ ಯಜಮಾನ, ಡ್ರೈವರುಗಳು, ನಾನು ಎಲ್ಲ ಮಸೀದಿಗೆ ಹೋದೆವು. ಮನೆಯಲ್ಲಿ ಉಳಿದವರು ಪೊರ್ಬುಗಳು ಒಬ್ಬರೇ. ಮರಳಿ ಬಂದು ಕೋಣೆಯ ಬಾಗಿಲು ತೆರೆದಾಗ ಯಜಮಾನ ಕಿರುಚಿದ ಕಿರುಚು ನನಗೆ ಇನ್ನೂ ಕೇಳಿಸುತ್ತದೆ.

ರೈಫಲ್ ಮೇಜಿನ ಮೇಲೆ ಎರಡಾಗಿ ಬಿದ್ದಿತ್ತು. ಮರ ಒಂದು ಕಡೆ, ಹಿಡಿಯಿಂದ ಮುಂದಕ್ಕೆ ಒಂದು ಗೇಣು ಸೀಳಿ ಒಳಗಿನ ಬಿಳಿ ಕಾಣುತ್ತಿತ್ತು. ನಳಿಗೆ ಇನ್ನೊಂದು ಕಡೆ, ಬಾಯಿ ಮರಳಿನ ಬಕೆಟಿಗೆ. ಎಣ್ಣೆ ಸುರಿದು, ಮರದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿದ ಬೋಲ್ಟು ಹೊರಗೆ ಬಂದಿತ್ತು. ಪೊರ್ಬುಗಳ ಬಿಳಿ ಕೈಗವಸು ಕಪ್ಪಾಗಿತ್ತು, ಶರ್ಟು ಬೆವರಿ ಮೈಗೆ ಅಂಟಿತ್ತು. ಸಂಗ್ರಹದಲ್ಲೇ ಶ್ರೇಷ್ಠವಾದದ್ದನ್ನು ಅದರ ಬೆಲೆ ಎಲ್ಲರಿಗಿಂತ ಹೆಚ್ಚು ತಿಳಿದ ಮನುಷ್ಯ ತನ್ನ ಕೈಯಾರೆ ಸೌದೆ ಮಾಡಿದ್ದ. 

"ಏನಿತ್ತು ಒಳಗೆ?" ಎಂದು ಯಜಮಾನ ಅಬ್ಬರಿಸಿದ. "ಹೇಳಿ, ಏನಿತ್ತು?"

ಪೊರ್ಬುಗಳು ನನ್ನ ಕಡೆ ನೋಡಿದರು. ಮತ್ತೆ ಅವನ ಕಡೆ ತಿರುಗಿದರು.

"ಖಾಲಿ" ಎಂದರು.

ನಾನು ಹೋಗಿ ಇಣುಕಿದೆ. ಗೂಡು ಖಾಲಿಯೇ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಹೋದ ಜೀವ ಬಂದಂತಾಯಿತು. ನಾನು ಬರೆದದ್ದು ಸುಳ್ಳಾಗಲಿಲ್ಲ.

ಯಜಮಾನ ಹೆಚ್ಚು ಕೂಗಾಡಲಿಲ್ಲ. ತಂದೆಯ ಕಾಲದವರು ಎಂದು ಪೊಲೀಸಿಗೆ ಕೊಡುವುದಿಲ್ಲ, ತಿಂಗಳ ಕೊನೆಯೊಳಗೆ ದೇಶ ಬಿಡಿ ಎಂದ. ಪೊರ್ಬುಗಳು ತಲೆಯಾಡಿಸಿದರು. ಕೈಗವಸು ಬಿಚ್ಚಿ ಮಡಚಿ ಜೇಬಿಗಿಟ್ಟರು. ಆಮೇಲೆ ಬಾಗಿ ಮರಳಿನ ಬಕೆಟ್ ಎತ್ತಿಕೊಂಡರು. ಭಾರ ಉಂಟು, ಕೊಡಿ ಎಂದು ನಾನು ಕೈ ಚಾಚಿದೆ. "ಬೇಡ ಬ್ಯಾರಿ, ಇದು ನನ್ನದು" ಎಂದು ತಾವೇ ಹೊತ್ತು ಹೊರಗೆ ಹೋದರು. ಬರುವಾಗ ಬಕೆಟಿನಲ್ಲಿ ಮರಳಿರಲಿಲ್ಲ. ಖಾಲಿ ಬಕೆಟನ್ನು ಮೂಲೆಯಲ್ಲಿ ಅದರ ಜಾಗದಲ್ಲೇ ಇಟ್ಟರು. ಕಾರ್ಡು ಮಾತ್ರ ಎಲ್ಲೂ ಕಾಣಲಿಲ್ಲ. ಯಜಮಾನ ಸಿಟ್ಟಿನಲ್ಲಿ ಹರಿದಿರಬೇಕೆಂದು ನಾನು ಹೊಸದು ಬರೆದೆ.

ಮನೆಗೆ ಹೋಗುವಾಗ ಕಾರಿನಲ್ಲಿ ನಾನು ತಡೆಯಲಾರದೆ ಹೇಳಿಯೇಬಿಟ್ಟೆ. "ಖಾಲಿಯೇ ಇತ್ತಲ್ಲ ಪೊರ್ಬುಗಳೇ. ನಾನು ಹಾಗೆಯೇ ಬರೆದಿದ್ದೆ. ಸುಮ್ಮನೆ ಇಪ್ಪತ್ತೇಳು ವರ್ಷದ ಹೆಸರು ಹಾಳು ಮಾಡಿಕೊಂಡಿರಿ."

"ಹೌದು ಮಾರಾಯ" ಎಂದರು. "ಎಸಿ ಸ್ವಲ್ಪ ಕಡಿಮೆ ಮಾಡು."

ನನ್ನ ಮಾತಿಗೆ ಅವರು ಕೊಟ್ಟ ಉತ್ತರ ಅಷ್ಟೇ. ಮೂರು ವಾರದಲ್ಲಿ ಗಂಡ ಹೆಂಡತಿ ಹೊರಟರು. ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಬೀಳ್ಕೊಡುಗೆ ಇಲ್ಲ, ಫಲಕ ಇಲ್ಲ. ಅಂಥ ಅಪರೂಪದ ಬಂದೂಕು ಒಡೆದ ಮುದುಕ ಎಂಬ ಹೆಸರು ದೋಹಾದ ಶೋಕಿಯವರ ಬಾಯಲ್ಲಿ ಉಳಿಯಿತು. ಅವರ ಕೆಲಸ ನನಗೆ ಬಂತು. ಫ್ಯಾಮಿಲಿ ವೀಸಾ ಆಯಿತು. ಊರಿಗೆ ಹೋದಾಗ ಎರಡು ಸಲ ಅವರ ಊರಿನ ದಾರಿಯಲ್ಲೇ ಹೋದೆ, ಅವಸರದಲ್ಲಿದ್ದೇನೆ ಎಂದು ಇಳಿಯಲಿಲ್ಲ. ಕಂಡರೆ ಏನು ಮಾತಾಡುವುದು ಎಂಬ ಸಂಕೋಚ. ಅವರು ಅತಿ ಮಾಡಿದರು ಎಂಬ ಅಸಮಾಧಾನವೂ ಇತ್ತು.

ಎಂಟು ದಿನದ ಹಿಂದೆ ಊರಿಂದ ಬಂದವರೊಬ್ಬರ ಕೈಯಲ್ಲಿ ಪೊರ್ಬುಗಳ ಮಗಳು ಹಲಸಿನ ಹಪ್ಪಳ ಕಳಿಸಿದ್ದಳು, ಜೊತೆಗೆ ಅಂಟಿಸಿದ ಲಕೋಟೆ. ಅದರ ಮೇಲೆ ಅವಳು ಬರೆದಿದ್ದಳು: "ಪಪ್ಪ ಹೋದ ಮೇಲೆ ನಿಮಗೆ ಕೊಡಬೇಕು ಅಂದಿದ್ರು."

ಒಳಗೆ ಇದ್ದದ್ದು ಆ ಕಾರ್ಡು. ಮುಂಭಾಗದಲ್ಲಿ ನನ್ನ ಅಕ್ಷರದಲ್ಲಿ ಖಾಲಿ, ಕೆಳಗೆ ನನ್ನ ಸಹಿ, ಆ ಬುಧವಾರದ ತಾರೀಕು. ತಿರುಗಿಸಿದೆ. ಹಿಂದೆ ಪೆನ್ಸಿಲಿನಲ್ಲಿ ಅವರ ದುಂಡು ಅಕ್ಷರ.

"ಒಂದು ಇತ್ತು. ಇನ್ನು ಮುಂದೆ ನೋಡಿ ಬರೆ."

ಅಂದು ಅವರು ಖಾಲಿ ಎಂದದ್ದು ಒಂದೇ ಸಲ. ಅಷ್ಟು ವರ್ಷ ಮೂರು ಸಲ ಕೇಳಿದ ನನ್ನ ಕಿವಿಗೆ ಅದೂ ಹೊಳೆಯಲಿಲ್ಲ. ಗುಂಡು ಇತ್ತು ಎಂದಿದ್ದರೆ ಇಲಾಖೆ ಬರುತ್ತಿತ್ತು, ಕಾರ್ಡು ಕೇಳುತ್ತಿತ್ತು, ಸುಳ್ಳು ಬರೆದವನು ನಾನು. ಅವರನ್ನು ಎಲ್ಲರೂ ಮೆಚ್ಚುತ್ತಿದ್ದರು, ಬಾಗಿಲಲ್ಲಿ ಫಲಕ ಬೀಳುತ್ತಿತ್ತು, ನಾನು ಜೈಲಿಗೆ ಹೋಗುತ್ತಿದ್ದೆ. ಆ ಗುಂಡನ್ನು ಮರಳಿನಲ್ಲಿ ಮುಚ್ಚಿ ಹೊತ್ತುಕೊಂಡು ಹೋದ ಮನುಷ್ಯನಿಗೆ ನಾನು ಕಾರಿನಲ್ಲಿ ಬುದ್ಧಿ ಹೇಳಿದ್ದೆ.

"ಯಾರದ್ದು ಕಾಗದ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಒಂದು ಕೈಯಲ್ಲಿ ಕಾರ್ಡಿತ್ತು. ಇನ್ನೊಂದು ಕೈ ಅಂಗಿಯ ಎರಡನೇ ಬಟನ್ನಿನ ಮೇಲೆ ಹೋಗಿ ಕುಳಿತಿತ್ತು. ಆ ಬುಧವಾರ ಯಜಮಾನ ನಗುತ್ತಾ ಗುರಿ ಹಿಡಿದು ಕುದುರೆ ಎಳೆದದ್ದು ಅಲ್ಲಿಗೇ.